ವೃದ್ಧಾಶ್ರಮಗಳಿಗೆ ನೋಂದಣಿ ಕಡ್ಡಾಯವಾಗಲಿ

ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆ ನೋಂದಣಿಯಿಲ್ಲದೆ ನಡೆದರೆ, 2015ರ ಬಾಲನ್ಯಾಯ ಕಾಯ್ದೆಯಂತೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಅಲ್ಲಿಗೆ ಹೋಗಲೇಬೇಕು. ತಂಡದಲ್ಲಿ ವೈದ್ಯಾಧಿಕಾರಿಯೊಬ್ಬರು ಇರಲೇಬೇಕು. ಅದೇ ಬೀದಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಇಪ್ಪತ್ತು ಮಂಚ ಹಾಕಿ, ಮರೆವಿನ ಕಾಯಿಲೆಯ ವೃದ್ಧರನ್ನು ಸೇರಿಸಿಕೊಳ್ಳುವವರ ಮೇಲೆ ಕೇಂದ್ರದ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಅಂಥ ಯಾವ ಕಟ್ಟುಪಾಡನ್ನೂ ಹೇರುವುದಿಲ್ಲ. ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವಷ್ಟು ಆಶ್ರಮಗಳನ್ನು ಸರ್ಕಾರ ತೆರೆಯಬಹುದು ಎಂದು ಅದರ 19ನೇ ಕಲಂ ಹೇಳುತ್ತದೆ. ಖಾಸಗಿ ಆಶ್ರಮಗಳ ನೋಂದಣಿಯ ಮಾತೇ ಇಲ್ಲ. ಈ ಕೊರತೆ ತುಂಬಲೆಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಅಂಗೀಕಾರವಾಗದೆ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು.

ದೂರು ಬಂದಾಗ ನೋಡಿಕೊಂಡರಾಯಿತು ಎಂಬ ಧೋರಣೆ ಇಲ್ಲಿ ನಡೆಯದು. ಮಾತು ನಿಂತವರು, ನಿನ್ನೆಯದು ನೆನಪಿಲ್ಲದವರು ದೂರು ಕೊಡುವುದು ಹೇಗೆ? ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಾರು ಎಂಬ ಹೆದರಿಕೆಗೆ ಮಕ್ಕಳೂ ಬಾಯಿ ಬಿಡುವುದಿಲ್ಲ. ಭಾನುವಾರ ಹಣ್ಣು ಹಿಡಿದು ಬರುವ ಮಗಳಿಗೆ ಕಾಣುವುದು ಒಗೆದ ಹೊದಿಕೆ ಮಾತ್ರ. ಅದನ್ನು ಸರಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದ್ದರಿಂದ ಸೊಂಟದ ಕೆಳಗೆ ಎದ್ದಿರುವ ಹುಣ್ಣನ್ನು ನೋಡಬಲ್ಲವರು ತರಬೇತಿ ಪಡೆದ ತಪಾಸಕರು. ತಿಂಗಳ ತೂಕದ ಪುಸ್ತಕದಲ್ಲಿ ಅಂಕಿ ಇಳಿಯುತ್ತ ಬಂದಿದ್ದರೆ ಊಟ ಸಾಲುತ್ತಿಲ್ಲವೇ, ಉಣಿಸುವವರಿಲ್ಲವೇ, ಕಾಯಿಲೆಯೇ ಎಂದು ಕೇಳಬೇಕಾದವರೂ ಅವರೇ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಎಷ್ಟು ಜನ ಆಯಾಗಳು ಎಚ್ಚರವಿದ್ದಾರೆ, ಯಾರ ಕೈಯನ್ನಾದರೂ ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದಾರೆಯೇ ಎಂಬುದು ತಿಳಿಯುತ್ತದೆ. ಮೊದಲೇ ಹೇಳಿ ಹೋಗುವ ತಪಾಸಣೆಯಲ್ಲಿ ಇದಾವುದೂ ಕಣ್ಣಿಗೆ ಬೀಳುವುದಿಲ್ಲ.

ಈಗಿರುವ ಕಾಯ್ದೆಗಳೇ ಸಾಕು ಎನ್ನುವವರಿದ್ದಾರೆ. ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಸಂಸ್ಥೆಗೆ ಹೆಸರು, ವಿಳಾಸ ಕೊಡುತ್ತದೆಯೇ ಹೊರತು ಮಂಚದ ಮೇಲಿರುವವರ ಬೆನ್ನನ್ನು ನೋಡುವುದಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಚಿಕಿತ್ಸೆ ಕೊಡುವ ನರ್ಸಿಂಗ್ ಹೋಮುಗಳಿಗಾಗಿ ಬಂದದ್ದು. ನಮ್ಮಲ್ಲಿ ಊಟ, ವಸತಿ ಮಾತ್ರ ಎನ್ನುವವರು ಅದರಿಂದ ನುಣುಚಿಕೊಳ್ಳುತ್ತಾರೆ. ತಪಾಸಣೆಯೆಂದರೆ ಮಾಮೂಲಿ ವಸೂಲಿ ಎಂಬ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಅದಕ್ಕೆ ಮದ್ದು, ವರದಿಯನ್ನು ಕಡತದಲ್ಲಿ ಮುಚ್ಚಿಡದೆ ಆಶ್ರಮದ ಮುಂಬಾಗಿಲಲ್ಲಿ, ಕನ್ನಡದಲ್ಲಿ ತೂಗುಹಾಕುವುದು. ಇಂಗ್ಲೆಂಡಿನಲ್ಲಿ ಆರೈಕೆ ಗೃಹಗಳು ತಮಗೆ ಸಿಕ್ಕ ದರ್ಜೆಯನ್ನು 2015ರಿಂದ ಜನರಿಗೆ ಕಾಣುವಂತೆ ಪ್ರದರ್ಶಿಸಲೇಬೇಕು. ಅಲ್ಲಿನ ನಿಯಂತ್ರಣ ಸಂಸ್ಥೆಯೇ 2024ರಲ್ಲಿ ಕಟುಟೀಕೆಗೆ ಗುರಿಯಾಯಿತು, ನಿಜ; ಆದರೆ ಅದು ಎಡವಿದ್ದು ಪರಿಶೀಲನಾ ವರದಿಯಲ್ಲಿ ಬಹಿರಂಗವಾಯಿತು. ನಮ್ಮಲ್ಲಿ ಎಡವಿದವರು ಯಾರೆಂದು ಹೇಳಲು ದಾಖಲೆಯೇ ಇಲ್ಲ.

ದಾನದ ಅಕ್ಕಿಯಲ್ಲಿ ಬೀದಿಯ ವೃದ್ಧರಿಗೆ ಅನ್ನ ಹಾಕುವ ಸಣ್ಣ ಆಶ್ರಮಗಳು ನಿಯಮದ ಭಾರಕ್ಕೆ ಮುಚ್ಚಿಹೋದಾವು ಎಂಬ ಆತಂಕ ನನಗೂ ಇದೆ. ಅವುಗಳಿಗೆ ಶುಲ್ಕ ಬೇಡ. ಲಿಫ್ಟು, ಅಗಲದ ಕಾರಿಡಾರಿನ ಷರತ್ತೂ ಬೇಡ. ಕಾಲಾವಕಾಶ ಕೊಡಿ, ಆಯಾಗಳಿಗೆ ಸರ್ಕಾರದ ಖರ್ಚಿನಲ್ಲಿ ತರಬೇತಿ ಕೊಡಿ. ಆದರೆ ಹುಣ್ಣು, ಹಸಿವು, ಕಟ್ಟಿಹಾಕುವುದು, ಈ ಮೂರರ ವಿಷಯದಲ್ಲಿ ಬಡ ಆಶ್ರಮಕ್ಕೊಂದು, ಮುಂಗಡವಾಗಿ ಲಕ್ಷಗಟ್ಟಲೆ ಠೇವಣಿ ಪಡೆಯುವ ಆಶ್ರಮಕ್ಕೊಂದು ಅಳತೆ ಇರಕೂಡದು. ಬಿಟ್ಟಿ ಅನ್ನ ಉಣ್ಣುವವರ ಮೈಗೂ ನೋವಾಗುತ್ತದೆ.

ದೆಹಲಿಯತ್ತ ನೋಡುತ್ತ ಕೂರಬೇಕಾಗಿಲ್ಲ. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲೇ ಇದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಐವತ್ತು ಲಕ್ಷಕ್ಕೂ ಹೆಚ್ಚಿದ್ದರು. ಕಡ್ಡಾಯ ನೋಂದಣಿ, ಮುನ್ಸೂಚನೆಯಿಲ್ಲದ ತಪಾಸಣೆ, ಬಹಿರಂಗ ವರದಿ, ಇಷ್ಟನ್ನು ಒಳಗೊಂಡ ಮಸೂದೆಯನ್ನು ಸರ್ಕಾರ ಮುಂದಿನ ಅಧಿವೇಶನದಲ್ಲೇ ಮಂಡಿಸಲಿ.