ಹಳೆಯ ಬ್ರಿಟಿಷ್ ಕಾರುಗಳೂ ಅವುಗಳ ತಿರುಪುಗಳೂ

ಹಳೆಯ ಬ್ರಿಟಿಷ್ ಕಾರೊಂದನ್ನು ಕೊಂಡು, ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸುವ ಹವ್ಯಾಸ ಅನೇಕ ದೇಶಗಳಲ್ಲಿ ಉಂಟು. ಈ ಹವ್ಯಾಸಿಗಳ ನಡುವೆ ಒಂದು ಸಲಹೆ ಆಗಾಗ ಕೇಳಿಬರುತ್ತದೆ: ಹಳೆಯ ಬೋಲ್ಟುಗಳ ಗೊಂದಲವೇತಕ್ಕೆ, ರಂಧ್ರಗಳಲ್ಲಿ ಹೊಸ ಸುತ್ತು ಕೊರೆದು ಎಲ್ಲವನ್ನೂ ಮೆಟ್ರಿಕ್ ಮಾಡಿಬಿಡಿ, ಎಂದು. ಈ ಸಲಹೆಯನ್ನು ನಾವು ಒಪ್ಪಲಾರೆವು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಒಂದೊಂದು ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪು ಕೊರೆಯುತ್ತಿತ್ತು. ಜೋಸೆಫ್ ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅಳೆದು, ಸರಾಸರಿ ತೆಗೆದು, ೧೮೪೧ರಲ್ಲಿ ಒಂದು ಸಾಮಾನ್ಯ ಪದ್ಧತಿಯನ್ನು ಮುಂದಿಟ್ಟನು. ಸುತ್ತುಗಳ ನಡುವಣ ಕೋನ ೫೫ ಡಿಗ್ರಿ. ಏಣಿನ ತುದಿಯೂ ಬುಡವೂ ದುಂಡು. ಕಂಪನಕ್ಕೆ ಒಳಗಾಗುವ ಯಂತ್ರಗಳಿಗಾಗಿ ಮುಂದೆ ಇದೇ ಆಕಾರದ, ಒತ್ತಾದ ಸುತ್ತಿನ ಬಿ.ಎಸ್.ಎಫ್. ತಿರುಪು ಬಂದಿತು. ವಿದ್ಯುತ್ ಉಪಕರಣಗಳ ಕಿರುತಿರುಪುಗಳಿಗೆ ಬಿ.ಎ. ಪದ್ಧತಿ; ಅದರ ಕೋನ ೪೭.೫ ಡಿಗ್ರಿ. ಅಮೆರಿಕದವರದು ೬೦ ಡಿಗ್ರಿ. ಎರಡನೆಯ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಹೊಂದದೆ ಪಟ್ಟ ಪಾಡಿನ ತರುವಾಯ, ೧೯೪೮ರಲ್ಲಿ ಬ್ರಿಟನ್, ಅಮೆರಿಕ, ಕೆನಡಗಳು ೬೦ ಡಿಗ್ರಿಯ ಏಕೀಕೃತ ತಿರುಪನ್ನು ಒಪ್ಪಿಕೊಂಡವು.

ಸ್ಪ್ಯಾನರಿನ ಮೇಲೆ ಕಾಲು ವಿಟ್‌ವರ್ತ್ ಎಂದು ಕೆತ್ತಿದ್ದರೆ ಅದರ ಬಾಯಿ ಕಾಲು ಅಂಗುಲವಲ್ಲ, ೦.೫೨೫ ಅಂಗುಲ. ಕೆತ್ತಿದ ಸಂಖ್ಯೆ ಸೂಚಿಸುವುದು ಬೋಲ್ಟಿನ ದಂಡದ ವ್ಯಾಸವನ್ನು. ಅರ್ಧ ಅಂಗುಲದ ಸ್ಪ್ಯಾನರು ಅಂಥ ನಟ್ಟಿಗೆ ಹಿಡಿಸದು. ೧೪ ಮಿಲಿಮೀಟರಿನದು ಸಡಿಲವಾಗಿ ಕುಳಿತು ಮೂಲೆಗಳನ್ನು ಸವೆಸುತ್ತದೆ. ಇದು ಕಿರಿಕಿರಿ ಮಾತ್ರ. ಅಪಾಯ ಬೇರೆಡೆ ಇದೆ. ಕಾಲು ಅಂಗುಲದ ವಿಟ್‌ವರ್ತ್ ತಿರುಪಿಗೂ ಅದೇ ವ್ಯಾಸದ ಏಕೀಕೃತ ಒರಟು ತಿರುಪಿಗೂ ಅಂಗುಲಕ್ಕೆ ೨೦ ಸುತ್ತು. ಒಂದರ ಬೋಲ್ಟು ಇನ್ನೊಂದರ ನಟ್ಟಿನೊಳಗೆ ಸಾಮಾನ್ಯವಾಗಿ ಕೈಯಿಂದಲೇ ಹೋಗಿಬಿಡುತ್ತದೆ. ಆದರೆ ಕೋನಗಳು ಬೇರೆಯಾದುದರಿಂದ ಏಣುಗಳು ಪೂರ್ತಿ ಮೈತಾಗಿ ಕೂರವು; ಭಾರವೆಲ್ಲ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ಅರ್ಧ ಅಂಗುಲದವುಗಳಲ್ಲಾದರೆ ಒಂದಕ್ಕೆ ೧೨ ಸುತ್ತು, ಇನ್ನೊಂದಕ್ಕೆ ೧೩. ಬೇಗನೆ ಬಿಗಿದು ಎಚ್ಚರಿಸುತ್ತದೆ. ಎಚ್ಚರಿಸದ ಬೋಲ್ಟಿಗೇ ನಾವು ಹೆಚ್ಚು ಅಂಜಬೇಕು.

೧೯೪೫ರಿಂದ ೧೯೪೯ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರನ್ನು ನೋಡಿರಿ. ಚಾಸಿಯಲ್ಲಿ ಬಿ.ಎಸ್.ಎಫ್., ವಿದ್ಯುತ್ ಭಾಗಗಳಲ್ಲಿ ಬಿ.ಎ. ಎಂಜಿನ್ನಿನ ಬೋಲ್ಟಿಗೆ ವಿಟ್‌ವರ್ತ್ ಸ್ಪ್ಯಾನರು ಸರಿಯಾಗಿ ಹಿಡಿಯುತ್ತದೆ. ಹೊರತೆಗೆದರೆ ಸುತ್ತು ಮೆಟ್ರಿಕ್! ಇದು ಯಾರ ಹುಚ್ಚೂ ಅಲ್ಲ. ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆ ಮೊದಲ ಮಹಾಯುದ್ಧದ ಕಾಲದಲ್ಲಿ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆದಿತ್ತು. ಅಲ್ಲಿಯ ಯಂತ್ರಗಳು ಮೆಟ್ರಿಕ್ ಅಳತೆಯವು. ೧೯೨೩ರಲ್ಲಿ ವಿಲಿಯಂ ಮಾರಿಸ್ ಅದನ್ನು ಕೊಂಡನು. ಸುತ್ತು ಹಾಗೆಯೇ ಉಳಿಯಿತು. ಬ್ರಿಟಿಷ್ ಮೆಕ್ಯಾನಿಕರ ಸ್ಪ್ಯಾನರಿಗೆ ಹೊಂದಲೆಂದು ತಲೆ ಮಾತ್ರ ವಿಟ್‌ವರ್ತ್ ಆಯಿತು. ಒಂದು ಯುದ್ಧ, ಒಂದು ಮಾರಾಟ, ಒಂದು ಉಳಿತಾಯ, ಮೂರೂ ಆ ಬೋಲ್ಟಿನಲ್ಲಿವೆ.

ರಂಧ್ರವನ್ನು ಹಿಗ್ಗಿಸಿ ಹೊಸ ಸುತ್ತು ಕೊರೆದರೆ ಈ ದಾಖಲೆ ಅಳಿಯುತ್ತದೆ. ತೆಗೆದ ಲೋಹ ಮರಳಿ ಬಾರದು. ಅರ್ಧ ಕಾರು ಹಳೆಯ ಪದ್ಧತಿ, ಅರ್ಧ ಹೊಸದು ಎಂದಾದರೆ ಮುಂದಿನ ಮೆಕ್ಯಾನಿಕನು ನಂಬುವುದು ಯಾವುದನ್ನು? ಸುತ್ತು ಪೂರ್ತಿ ಕೆಟ್ಟುಹೋದ ರಂಧ್ರಕ್ಕೆ ಅದೇ ಅಳತೆಯ ಒಳಸುರುಳಿ ಹಾಕಬಹುದು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಬಿ.ಎಸ್.ಎಫ್. ಸುತ್ತು ಕೊರೆಯುವ ಉಪಕರಣಗಳು ಇಂದಿಗೂ ದೊರೆಯುತ್ತವೆ.

ನಮ್ಮ ದೇಶದಲ್ಲಿ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರಿನ ಮೂಲವೂ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಆದರೆ ಅದರ ಮೂಲ ಎಂಜಿನ್ ಏಕೀಕೃತ ತಿರುಪಿನ ಕಾಲದ್ದು. ಅದಕ್ಕೆಂದು ಕೂಡಿಟ್ಟ ಸ್ಪ್ಯಾನರುಗಳನ್ನು ಟಿ.ಸಿ.ಯ ಬಳಿಗೆ ಒಯ್ಯುವ ಯುವಕರು ಮೊದಲು ಕ್ಯಾಲಿಪರನ್ನೂ ತಿರುಪಿನ ಗೇಜನ್ನೂ ಕೈಗೆತ್ತಿಕೊಳ್ಳಲಿ.