ಮೊದಲು ಖರ್ಚು, ಆಮೇಲೆ ಷರತ್ತು

ಅಮೆರಿಕದ ಡೆಲ್ಟಾ ಏರ್‌ಲೈನ್ಸ್ 2023ರ ಸೆಪ್ಟೆಂಬರ್‌ನಲ್ಲಿ ಪದೇ ಪದೇ ಪ್ರಯಾಣಿಸುವವರಿಗೆ ಸೌಲಭ್ಯ ಕೊಡುವ ತನ್ನ ಸ್ಕೈಮೈಲ್ಸ್ ಯೋಜನೆಯ ನಿಯಮಗಳನ್ನು ಬದಲಿಸುವುದಾಗಿ ಪ್ರಕಟಿಸಿತು. ಪ್ರಯಾಣಿಕ ಎಷ್ಟು ಮೈಲಿ ಹಾರಿದ ಎಂಬುದು ಇನ್ನು ಲೆಕ್ಕಕ್ಕಿಲ್ಲ, ಎಷ್ಟು ಖರ್ಚು ಮಾಡಿದ ಎಂಬುದನ್ನಷ್ಟೇ ನೋಡುತ್ತೇವೆ ಎಂದಿತು. ಯೋಜನೆಯ ಮೇಲಿನ ದರ್ಜೆಯಾದ ಡೈಮಂಡ್‌ಗೆ ಬೇಕಾದ ಖರ್ಚಿನ ಮಿತಿ 20,000 ಡಾಲರ್‌ನಿಂದ 35,000ಕ್ಕೆ ಏರಿತು. ವರ್ಷಕ್ಕೆ ನೂರಾರು ಡಾಲರ್ ಶುಲ್ಕ ಕಟ್ಟಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಪಡೆದವರು ವಿಮಾನ ನಿಲ್ದಾಣದ ಲೌಂಜ್‌ಗೆ ಎಷ್ಟು ಸಲ ಬೇಕಾದರೂ ಹೋಗಬಹುದಿತ್ತು. ಆ ಅವಕಾಶ ವರ್ಷಕ್ಕೆ ಆರು ಅಥವಾ ಹತ್ತು ಸಲಕ್ಕೆ ಇಳಿಯಲಿತ್ತು. ಪ್ರಯಾಣಿಕರು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಕಂಪನಿಯ ಮುಖ್ಯಸ್ಥ ಎಡ್ ಬಾಸ್ಟಿಯನ್ ತಾವು ಅತಿಯಾಗಿ ಮುಂದೆ ಹೋದದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಅಕ್ಟೋಬರ್‌ನಲ್ಲಿ ಡೈಮಂಡ್ ಮಿತಿ 28,000ಕ್ಕೆ ಇಳಿಯಿತು, ಲೌಂಜ್ ಭೇಟಿಗಳು ಹತ್ತು ಮತ್ತು ಹದಿನೈದಾದವು. ಇದನ್ನು ಗ್ರಾಹಕರ ಗೆಲುವು ಎಂದು ಬಣ್ಣಿಸಿದವರು ಹೆಚ್ಚಾಗಿ ಗಮನಿಸದ ಒಂದು ವಿವರ ಅಲ್ಲಿದೆ. ಹಳೆಯ ನಿಯಮದಡಿ ಸದಸ್ಯರು ಮುಂದಿನ ವರ್ಷಕ್ಕೆಂದು ಉಳಿಸಿಕೊಂಡಿದ್ದ ಮೈಲಿಗಳನ್ನು ಹೊಸ ಲೆಕ್ಕಕ್ಕೆ ಪರಿವರ್ತಿಸಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಡೆಲ್ಟಾ ಕೊಡಲು ಹೊರಟದ್ದು 20 ಮೈಲಿಗೆ ಒಂದು ಡಾಲರ್‌ನ ಲೆಕ್ಕ. ಅಕ್ಟೋಬರ್‌ನಲ್ಲಿ ಅದು 10 ಮೈಲಿಗೆ ಒಂದಾಯಿತು. ಜನ ಆಗಲೇ ದುಡ್ಡು ಕೊಟ್ಟು ಗಳಿಸಿದ್ದರ ಬೆಲೆಯನ್ನು ಕಂಪನಿ ಒಂದು ತಿಂಗಳಲ್ಲಿ ಎರಡು ಸಲ, ತನಗೆ ತೋಚಿದಂತೆ ಬರೆಯಿತು.

ಸೌಲಭ್ಯಗಳನ್ನು ಕಡಿಮೆ ಮಾಡಲೇಬಾರದು ಎಂಬ ವಾದ ನನ್ನದಲ್ಲ. ನಾಳೆಯ ಟಿಕೆಟ್‌ಗೆ, ನಾಳೆಯ ಕಾರ್ಡ್‌ಗೆ ಕಂಪನಿ ತನಗೆ ಬೇಕಾದ ಬೆಲೆ ಇಡಲಿ. ಆದರೆ ಒಂದು ಸೌಲಭ್ಯವನ್ನು ತೋರಿಸಿ ಗ್ರಾಹಕನಿಂದ ಖರ್ಚು ಮಾಡಿಸಿದ ಮೇಲೆ ಆ ಸೌಲಭ್ಯವನ್ನು ಕಡಿತಗೊಳಿಸುವುದೆಂದರೆ ಮಾರಿದ ವಸ್ತುವಿನ ಬೆಲೆಯನ್ನು ಮಾರಾಟದ ನಂತರ ಏರಿಸಿದಂತೆ. ಕಾನೂನು ಅದನ್ನು ಬೆಲೆ ಏರಿಕೆ ಎಂದೇ ನೋಡಬೇಕು. ಚೀಟಿ ನಡೆಸುವವನು ಅರ್ಧ ಕಂತು ಕಟ್ಟಿಸಿಕೊಂಡ ಮೇಲೆ ನಿಯಮ ಬದಲಿಸಿದರೆ ನಮ್ಮ ಯಾವ ಊರಿನಲ್ಲೂ ಸದಸ್ಯರು ಸುಮ್ಮನೆ ಕೂರುವುದಿಲ್ಲ.

ನಮ್ಮಲ್ಲಿ ಇದು ಹೆಚ್ಚಾಗಿ ಕಾಣುವುದು ಬ್ಯಾಂಕ್ ಕಾರ್ಡ್‌ಗಳಲ್ಲಿ. ವಿಮಾನ ಕಂಪನಿಯ ಗೋಲ್ಡ್, ಪ್ಲಾಟಿನಂ ದರ್ಜೆ ತಲುಪುವವರು ಕಡಿಮೆ. ಆದರೆ ಒಂದು ಕ್ರೆಡಿಟ್ ಕಾರ್ಡ್ ಇದ್ದರೆ ಲೌಂಜ್‌ನಲ್ಲಿ ಕುಳಿತು ಊಟ ಮಾಡಬಹುದು ಎಂಬ ಭರವಸೆ ವರ್ಷಕ್ಕೆ ಎರಡು ಸಲ ಊರಿಗೆ ಬಂದು ಹೋಗುವ ಸಾಮಾನ್ಯ ನೌಕರರನ್ನೂ ಮುಟ್ಟಿತು. ಬ್ಯಾಂಕುಗಳು ಕಾರ್ಡ್ ಮಾರಿದ್ದೇ ಆ ಭರವಸೆಯ ಮೇಲೆ. 2023ರ ಕೊನೆಯಿಂದ ಒಂದೊಂದಾಗಿ ಷರತ್ತುಗಳು ಬಂದವು. ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ರೆಗೇಲಿಯಾ ಕಾರ್ಡ್‌ಗೆ ಮೂರು ತಿಂಗಳಿಗೆ 1 ಲಕ್ಷ ರೂಪಾಯಿ ಖರ್ಚಿನ ನಿಯಮ ತಂದಿತು. ಐಸಿಐಸಿಐ ಬ್ಯಾಂಕ್ ಹಲವು ಕಾರ್ಡ್‌ಗಳಿಗೆ 35,000 ರೂಪಾಯಿಯ ಮಿತಿ ಹಾಕಿತು. ಆ ನಿಯಮ ಜಾರಿಗೆ ಬಂದದ್ದು 2024ರ ಏಪ್ರಿಲ್ 1ರಂದು. ಆದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಲೌಂಜ್‌ಗೆ ಹೋಗಬೇಕಿದ್ದರೆ ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು ಅಷ್ಟಿರಬೇಕಿತ್ತು. ನಿಯಮದ ದಿನಾಂಕ ಒಂದು, ಲೆಕ್ಕಕ್ಕೆ ಹಿಡಿದ ದಿನಗಳು ಅದಕ್ಕಿಂತ ಹಿಂದಿನವು. ಅದೇ ವರ್ಷದ ನವೆಂಬರ್‌ನಲ್ಲಿ ಮಿತಿ 75,000ಕ್ಕೆ ಏರಿತು. ವಾರ್ಷಿಕ ಶುಲ್ಕ ಕಟ್ಟಿದವರಿಗೆ ವರ್ಷ ಮುಗಿಯುವ ಮೊದಲೇ ಎರಡು ಸಲ ನಿಯಮ ಬದಲಾಗಿತ್ತು.

2025ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಲೌಂಜ್ ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ಪ್ರಯಾಣಿಕನಿಗೂ ಬ್ಯಾಂಕಿಗೂ ಲೌಂಜ್ ನಡೆಸುವವರಿಗೂ ನಡುವೆ ಲೆಕ್ಕ ಹೊಂದಿಸುತ್ತಿದ್ದುದು ಡ್ರೀಮ್‌ಫೋಕ್ಸ್ ಎಂಬ ಕಂಪನಿ. ಈ ವ್ಯವಹಾರದ ಬಹುಪಾಲು ಅದರ ಕೈಯಲ್ಲೇ ಇತ್ತು. ಲೌಂಜ್ ನಡೆಸುವವರು ಅದರೊಂದಿಗಿನ ಒಪ್ಪಂದಗಳನ್ನು ಕಡಿದುಕೊಂಡರು. ಸೆಪ್ಟೆಂಬರ್ 16ರಿಂದ ದೇಶದೊಳಗಿನ ಲೌಂಜ್ ಸೇವೆಯನ್ನು ಅದು ನಿಲ್ಲಿಸಿತು. ಕಾರ್ಡ್ ಹಿಡಿದವರಲ್ಲಿ ಎಷ್ಟು ಮಂದಿಗೆ ಈ ಕಂಪನಿಯ ಹೆಸರಾದರೂ ಗೊತ್ತಿತ್ತು? ತಾನು ಕೇಳಿಯೇ ಇರದ ಕರಾರು ಮುರಿದದ್ದಕ್ಕೆ ತನ್ನ ಸೌಲಭ್ಯ ಅತಂತ್ರವಾದಾಗ ಗ್ರಾಹಕ ಯಾರನ್ನು ಕೇಳಬೇಕು ಎಂಬುದಕ್ಕೆ ಉತ್ತರ ಸರಳವಾಗಿರಬೇಕಿತ್ತು: ಕಾರ್ಡ್ ಮಾರಿದ ಬ್ಯಾಂಕನ್ನು.

ಇವೆಲ್ಲ ಬಿಟ್ಟಿ ಸೌಲಭ್ಯಗಳು, ಕೊಟ್ಟವರು ಹಿಂದಕ್ಕೆ ಪಡೆದರೆ ಕೊರಗುವುದೇಕೆ ಎಂದು ಕೇಳುವವರಿದ್ದಾರೆ. ಬಿಟ್ಟಿ ಎಂಬುದೇ ಇಲ್ಲಿ ದೊಡ್ಡ ತಪ್ಪು ಗ್ರಹಿಕೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಅಡ್ವಾಂಟೇಜ್ ಯೋಜನೆ ಆರಂಭಿಸಿದಾಗ ಮೈಲಿ ಎಂದರೆ ಖಾಲಿ ಉಳಿಯುವ ಸೀಟನ್ನು ನಿಷ್ಠಾವಂತ ಪ್ರಯಾಣಿಕನಿಗೆ ಕೊಡುವ ಉಪಾಯವಾಗಿತ್ತು. ಇಂದು ವಿಮಾನ ಕಂಪನಿಗಳು ಮೈಲಿಗಳನ್ನು ಬ್ಯಾಂಕುಗಳಿಗೆ ಮಾರುತ್ತವೆ, ಬ್ಯಾಂಕುಗಳು ಅದನ್ನು ಕಾರ್ಡ್‌ದಾರರಿಗೆ ಹಂಚುತ್ತವೆ. ಡೆಲ್ಟಾಗೆ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ 2024ರಲ್ಲಿ ಬಂದ ಹಣವೇ ಸುಮಾರು 740 ಕೋಟಿ ಡಾಲರ್. ಆ ಹಣದ ಮೂಲ ಕಾರ್ಡ್‌ದಾರರ ಶುಲ್ಕ ಮತ್ತು ಬಡ್ಡಿಯಲ್ಲಿದೆ, ಪ್ರತಿ ವ್ಯವಹಾರದಲ್ಲೂ ಅಂಗಡಿಯವರು ಕೊಡುವ ಕಮಿಷನ್‌ನಲ್ಲಿದೆ. ಅಂಗಡಿಯವರು ಅದನ್ನು ಸರಕಿನ ಬೆಲೆಗೆ ಸೇರಿಸುವುದರಿಂದ ನಗದು ಕೊಟ್ಟು ಕೊಳ್ಳುವವರೂ ಅದರಲ್ಲೊಂದು ಪಾಲು ಹೊರುತ್ತಾರೆ. ಕೋವಿಡ್‌ನಿಂದ ವಿಮಾನಗಳು ನಿಂತ 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಗೆ ಸುಮಾರು 2,200 ಕೋಟಿ ಡಾಲರ್ ಬೆಲೆ ಕಟ್ಟಿ, ಅದನ್ನೇ ಅಡವಿಟ್ಟು ಸುಮಾರು 680 ಕೋಟಿ ಡಾಲರ್ ಎತ್ತಿತು. ಸಾಲ ಕೊಡುವವರ ಮುಂದೆ ಇದು ಅಡವಿಡಬಹುದಾದ ಆಸ್ತಿ, ಸದಸ್ಯ ಪ್ರಶ್ನಿಸಿದಾಗ ಮಾತ್ರ ಮನಸ್ಸು ಬಂದಾಗ ಹಿಂಪಡೆಯಬಹುದಾದ ಉಡುಗೊರೆ. ಎರಡೂ ಮಾತನ್ನು ಒಟ್ಟಿಗೆ ಒಪ್ಪಲಾಗದು.

ಲೌಂಜ್‌ಗಳು ತುಂಬಿ ತುಳುಕುತ್ತಿವೆ ಎಂಬ ಮಾತು ಮಾತ್ರ ನಿಜ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೊಂದನ್ನೇ 2024–25ರಲ್ಲಿ 4 ಕೋಟಿಗೂ ಹೆಚ್ಚು ಪ್ರಯಾಣಿಕರು ಬಳಸಿದರು. ಕಾರ್ಡ್ ಇದ್ದವರೆಲ್ಲ ಒಳಗೆ ಬಂದರೆ ಯಾರಿಗೂ ಕೂರಲು ಜಾಗವಿರುವುದಿಲ್ಲ, ಮಿತಿ ಹಾಕುವುದು ಅನಿವಾರ್ಯ. ಆದರೆ ಜಾಗಕ್ಕೆ ಮೀರಿ ಕಾರ್ಡ್ ಮಾರಿದವರು ಪ್ರಯಾಣಿಕರಲ್ಲ. ಮಾರುವಾಗ ಲೆಕ್ಕ ತಪ್ಪಿದವರು ಅದರ ನಷ್ಟವನ್ನು ಚಾಲ್ತಿಯಲ್ಲಿರುವ ವರ್ಷದ ಮಟ್ಟಿಗಾದರೂ ತಾವೇ ಭರಿಸಬೇಕು. ಅಲ್ಲದೆ ಲೌಂಜ್ ಮುಂದೆ ಸಾಲು ಬೆಳೆಯಲು ಹೊರಗಿನ ತಿಂಡಿಯ ದುಬಾರಿ ಬೆಲೆಯೂ ಕಾರಣ. ಕೋಲ್ಕತ್ತ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸರ್ಕಾರ ಉಡಾನ್ ಯಾತ್ರಿ ಕೆಫೆ ತೆರೆದು 10 ರೂಪಾಯಿಗೆ ಚಹಾ, 20 ರೂಪಾಯಿಗೆ ಸಮೋಸ ಕೊಡತೊಡಗಿದ್ದು ಅಗ್ಗದ ತಿಂಡಿಯ ಕೊರತೆಯನ್ನು ಒಪ್ಪಿಕೊಂಡಂತೆಯೇ ಸರಿ.

ಷರತ್ತುಗಳಲ್ಲಿ ಎಲ್ಲವನ್ನೂ ಮೊದಲೇ ಬರೆದಿದ್ದೇವೆ, ಯಾವಾಗ ಬೇಕಾದರೂ ಬದಲಿಸುವ ಹಕ್ಕು ನಮಗಿದೆ ಎಂಬುದು ಕಂಪನಿಗಳ ಗಟ್ಟಿ ಸಮರ್ಥನೆ. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೈಲಿ ಬಳಸಿ ಪಡೆಯುವ ಸೀಟುಗಳಿಗೆ ಮಿತಿ ಹಾಕಿ, ಕೆಲವು ದಿನಾಂಕಗಳನ್ನು ನಿಷೇಧಿಸಿ, ಅದನ್ನು ಆಗಲೇ ಗಳಿಸಿದ್ದ ಮೈಲಿಗಳಿಗೂ ಅನ್ವಯಿಸಿದಾಗ ಸದಸ್ಯರು ಕೋರ್ಟಿಗೆ ಹೋದರು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಾಜ್ಯದ ಗ್ರಾಹಕ ಕಾನೂನಿನಡಿಯ ದೂರನ್ನು ತಳ್ಳಿಹಾಕಿತು, ಆದರೆ ಕಂಪನಿ ತಾನಾಗಿ ಕೊಟ್ಟ ಮಾತು ಮುರಿದ ಬಗ್ಗೆ ಕರಾರಿನ ದಾವೆ ನಡೆಯಬಹುದು ಎಂದಿತು. ನಮ್ಮ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(46)ನೇ ಸೆಕ್ಷನ್ ಅನ್ಯಾಯದ ಕರಾರನ್ನು ವಿವರಿಸುತ್ತದೆ. ಸಕಾರಣವಿಲ್ಲದೆ ಒಬ್ಬನೇ ಕರಾರು ಮುಗಿಸುವ ಹಕ್ಕು, ಗ್ರಾಹಕನಿಗೆ ತೊಂದರೆ ತರುವ ಅಸಮಂಜಸ ಷರತ್ತು ಎರಡೂ ಅದರೊಳಗೆ ಬರುತ್ತವೆ. ಹೀಗಿರುವಾಗ ಸಣ್ಣ ಅಕ್ಷರದಲ್ಲಿ ಬರೆದುಕೊಂಡ ಮಾತ್ರಕ್ಕೆ ಏಕಪಕ್ಷೀಯ ಹಕ್ಕು ನ್ಯಾಯವಾಗದು.

ತೊಡಕಿರುವುದು ಜಾರಿಯಲ್ಲಿ. ಅನ್ಯಾಯದ ಕರಾರಿನ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಎರಡು ಲೌಂಜ್ ಭೇಟಿ ಕಳೆದುಕೊಂಡದ್ದಕ್ಕೆ ಯಾರೂ ವಕೀಲರನ್ನು ಹಿಡಿದು ಅಷ್ಟು ದೂರ ಹೋಗುವುದಿಲ್ಲ. ಲಕ್ಷಾಂತರ ಜನರ ಸಣ್ಣ ಸಣ್ಣ ನಷ್ಟ ಹೀಗೆ ಕೇಳುವವರಿಲ್ಲದೆ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದ ಪ್ರಕಾರ ಶುಲ್ಕ ಬದಲಿಸಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಬೇಕು, ಬದಲಾವಣೆ ಮುಂದಿನ ದಿನಗಳಿಗಷ್ಟೇ ಅನ್ವಯಿಸಬೇಕು. ವರ್ಷಪೂರ್ತಿ ಖರ್ಚು ಮಾಡಿ ಗಳಿಸುವ ಸೌಲಭ್ಯಕ್ಕೆ ತಿಂಗಳ ಸೂಚನೆ ಏನೂ ಸಾಲದು. ಶುಲ್ಕ ಕಟ್ಟಿದ ಅವಧಿ ಮುಗಿಯುವವರೆಗೆ ಸೌಲಭ್ಯ ಕಡಿತ ಮಾಡುವಂತಿಲ್ಲ, ಮಾಡಿದರೆ ಉಳಿದ ತಿಂಗಳುಗಳ ಶುಲ್ಕವನ್ನು ಹಿಂತಿರುಗಿಸಬೇಕು, ಷರತ್ತು ಪ್ರಕಟಿಸುವ ಮೊದಲಿನ ಖರ್ಚನ್ನು ಅದರ ಲೆಕ್ಕಕ್ಕೆ ಹಿಡಿಯಬಾರದು ಎಂದು ಅದೇ ನಿರ್ದೇಶನದಲ್ಲಿ ಸೇರಿಸಬಹುದು. ವಿಮಾನ ಕಂಪನಿಗಳ ಮಟ್ಟಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ಮಾದರಿಯ ಮಾರ್ಗಸೂಚಿ ತರಬಹುದು. ದಾರಿ ತಪ್ಪಿಸುವ ವೆಬ್ ವಿನ್ಯಾಸಗಳ ವಿರುದ್ಧ 2023ರ ನವೆಂಬರ್‌ನಲ್ಲಿ ಅದು ಹದಿಮೂರು ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿದೆ.

ಇಷ್ಟು ಬಿಗಿ ಮಾಡಿದರೆ ಕಂಪನಿಗಳು ಇಂಥ ಯೋಜನೆಗಳನ್ನೇ ಕೈಬಿಟ್ಟಾವು ಎಂಬ ಭಯ ಬೇಡ. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ಗೋಲ್ಡ್ ದರ್ಜೆಗೆ 20,000 ಪೌಂಡ್ ಖರ್ಚಿನ ಮಿತಿ ಇಟ್ಟು ಟೀಕೆಗೆ ಗುರಿಯಾಯಿತು. ಬಳಿಕ ವರ್ಷಕ್ಕೆ 50 ವಿಮಾನ ಹತ್ತಿದವರಿಗೆ ಖರ್ಚು ಎಷ್ಟೇ ಇದ್ದರೂ ಸಿಲ್ವರ್ ಕೊಡಲು ಒಪ್ಪಿತು. ಯೋಜನೆ ನಿಲ್ಲಲಿಲ್ಲ. ಡೆಲ್ಟಾ ಹಿಂದೆ ಸರಿದ ವರ್ಷ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ಅದಕ್ಕೆ ಬಂದದ್ದು ಸುಮಾರು 680 ಕೋಟಿ ಡಾಲರ್. ಮರುವರ್ಷ ಅದು ಇನ್ನೂ 60 ಕೋಟಿಯಷ್ಟು ಹೆಚ್ಚಿತು.