ಕುದುರೆಗೆ ನೀರುಣಿಸಿದವರು

ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಸ್ತಂಭದ ಮುಂದೆ ನಿಂತಾಗಲೆಲ್ಲ ನನ್ನಲ್ಲೊಂದು ಅತೃಪ್ತಿ ಮೂಡುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ರಾವುತರನ್ನು ನಾವು ಕೊಂಡಾಡುವುದು ಆ ಒಂದು ದಿನದ ಲಗ್ಗೆಗಾಗಿ. ಅದಕ್ಕೆ ಹಿಂದಿನ ಸುಮಾರು ನಾಲ್ಕು ವರ್ಷಗಳ ಮಾತೇನು? ಸೂಯೆಜ್ ಕಾಲುವೆಯ ಕಾವಲು; ಆಮೇಲೆ ಸಿನಾಯ್ ಮರಳುಗಾಡು. ಅಲ್ಲಿಗೆ ನೈಲ್ ನದಿಯ ನೀರು ಕೊಳವೆಯಲ್ಲಿ ಬರಬೇಕು; ಕೊಳವೆ ಮುಗಿದಲ್ಲಿ ಒಂಟೆಯ ಬೆನ್ನಿನ ಮೇಲೆ. ಬಂದ ನೀರು ಮೊದಲು ಕುದುರೆಗೆ, ಅನಂತರ ತನಗೆ ಎಂಬುದು ರಾವುತನ ಧರ್ಮ. ಅದರ ಮೈ ತಿಕ್ಕಿ, ಗೊರಸು ನೋಡಿ, ಜೀನು ಉಜ್ಜಿದ ಬೆನ್ನಿಗೆ ಮದ್ದು ಹಚ್ಚುವಷ್ಟರಲ್ಲಿ ರಾತ್ರಿಯ ಪಹರೆ. ಹಾಗೆ ಸಾಕಿದ ಕುದುರೆಗಳಿಲ್ಲದೆ ಹೈಫಾ ಎಲ್ಲಿಯದು? ಪಂಪನ ಯುದ್ಧವರ್ಣನೆಯನ್ನು ಸವಿಸವಿದು ಪಾಠ ಹೇಳುವ ನಾನೂ ಈ ದಿನಚರಿಯ ಮಾತನ್ನು ತರಗತಿಯಲ್ಲಿ ಒಮ್ಮೆಯೂ ಎತ್ತಿದವನಲ್ಲ.